ಕೆಂಪುಕೋಟೆಯ ಹುಲ್ಲುಹಾಸು ಶಹಜಹಾನನದ್ದಲ್ಲ

ದೆಹಲಿ-ಆಗ್ರಾ ಟೂರು ಮುಗಿಸಿ ಬಂದವರು ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತಾರೆ. ತಾಜ್‌ಮಹಲ್ ಸೂಪರ್, ಆಗ್ರಾ ಕೋಟೆ ಪರವಾಗಿಲ್ಲ, ಕೆಂಪುಕೋಟೆಯಲ್ಲಿ ಮಾತ್ರ ನೋಡೋಕೆ ಏನೂ ಇಲ್ಲ. ಗೇಟು ಭರ್ಜರಿ, ಒಳಗೆ ಬರೀ ಹುಲ್ಲು, ಅಲ್ಲೊಂದು ಇಲ್ಲೊಂದು ಮಂಟಪ. ನನ್ನದು ಹಳೇ ಕಟ್ಟಡಗಳ ಸಂರಕ್ಷಣೆಯ ಕೆಲಸ. ಈ ದೂರು ನ್ಯಾಯವಾದದ್ದೇ ಅಂತ ನನಗೂ ಅನ್ನಿಸುತ್ತದೆ. ಆದರೆ ತಪ್ಪು ಶಹಜಹಾನನದ್ದಲ್ಲ.

1639ರಲ್ಲಿ ಶಹಜಹಾನ್ ಶುರು ಮಾಡಿಸಿದ ಈ ಕೋಟೆಯೊಳಗಿನ ಅರಮನೆ 1648ರಲ್ಲಿ ಮುಗಿಯಿತು. ಕಟ್ಟಿಸಿದ ಮೇಸ್ತ್ರಿಗಳಲ್ಲಿ ದೊಡ್ಡ ಹೆಸರು ಉಸ್ತಾದ್ ಅಹ್ಮದ್ ಲಾಹೋರಿ ಮತ್ತು ಉಸ್ತಾದ್ ಹಮೀದ್. ಆಗ ಇಲ್ಲಿ ಖಾಲಿ ಬಯಲು ಅನ್ನುವುದೇ ಇರಲಿಲ್ಲ. ಇದ್ದದ್ದು ಅಂಗಳಗಳು. ಒಂದು ಅಂಗಳ ದಾಟಿದರೆ ಇನ್ನೊಂದು. ಪ್ರತಿಯೊಂದರ ಸುತ್ತ ಕಮಾನುಸಾಲು, ನಡುವೆ ಬಾಗಿಲು.

ಲಾಹೋರಿ ದರ್ವಾಜೆಯಿಂದ ಒಳಗೆ ಬಂದರೆ ಮೊದಲು ಛತ್ತಾ ಚೌಕ್, ಅಂದರೆ ಕಮಾನು ಚಾವಣಿಯ ಅಂಗಡಿ ಬೀದಿ. ಅದು ದಾಟಿದರೆ ಒಂದು ಚೌಕ. ಆಮೇಲೆ ನಕ್ಕರಖಾನೆ. ನಗಾರಿ ಬಾರಿಸುತ್ತಿದ್ದ ಈ ಕಟ್ಟಡ ಇವತ್ತು ಹುಲ್ಲಿನ ಮಧ್ಯೆ ಒಂಟಿಯಾಗಿ ನಿಂತಿದೆ. ಜನ ಅದರ ಪಕ್ಕದಿಂದಲೂ ಸುಮ್ನೆ ನಡೆದು ಹೋಗಬಹುದು. ಆದರೆ ಅದು ಬಾಗಿಲು! ಎರಡೂ ಕಡೆ ಗೋಡೆ ಇತ್ತು, ಬೇರೆ ದಾರಿ ಇರಲಿಲ್ಲ. ಆನೆ ಮೇಲೆ ಬಂದ ಅಮೀರರು ಇಲ್ಲೇ ಇಳಿದು ನಡೆಯಬೇಕಿತ್ತು. ಬಾಗಿಲು ದಾಟಿದ ಮೇಲೆ ದೊಡ್ಡ ಅಂಗಳ, ಅದರ ಆ ತುದಿಗೆ ದಿವಾನ್-ಇ-ಆಮ್ ಎಂಬ ಸಾರ್ವಜನಿಕ ದರ್ಬಾರು ಮಂಟಪ, ಅದರೊಳಗೆ ಬಾದಶಹನ ಅಮೃತಶಿಲೆಯ ಪೀಠ. ನೋಟವನ್ನು ಹೀಗೆ ಹಂತ ಹಂತವಾಗಿ ಅಲ್ಲಿಗೆ ಎಳೆದು ತರುವುದೇ ಇಡೀ ವಿನ್ಯಾಸದ ಲೆಕ್ಕ. ಗೋಡೆ ಕಿತ್ತರೆ ಆ ಲೆಕ್ಕವೇ ಹೋಯಿತು, ಅಲ್ವಾ?

ಕೋಟೆ ಮೊದಲು ಬೆಳ್ಳಗಿತ್ತು, ಬ್ರಿಟಿಷರು ಕೆಂಪು ಬಣ್ಣ ಬಳಿದರು ಅನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಹೊರಗೋಡೆಯ ಕೆಂಪು ಮರಳುಗಲ್ಲಿನದೇ ಬಣ್ಣ. ಬೆಳ್ಳಗಿದ್ದದ್ದು ದಿವಾನ್-ಇ-ಆಮ್. ಅದರ ಕೆಂಪು ಕಲ್ಲಿಗೆ ಕಪ್ಪೆಚಿಪ್ಪಿನ ಸುಣ್ಣದ ಗಾರೆ ಬಳಿದು, ಅಮೃತಶಿಲೆಯ ಹಾಗೆ ಹೊಳೆಯುವಂತೆ ತಿಕ್ಕಿದ್ದರು.

ನನಗೆ ಇಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ನೀರಿನ ಕೆಲಸ. ಯಮುನೆಯ ಮೇಲ್ಭಾಗದಿಂದ ಕಾಲುವೆಯಲ್ಲಿ ಬಂದ ನೀರು ಕೋಟೆಯ ಈಶಾನ್ಯ ಮೂಲೆಯ ಶಾಹ್ ಬುರ್ಜ್ ಹತ್ತಿರ ಅರಮನೆಗೆ ಸೇರುತ್ತಿತ್ತು. ಅಲ್ಲಿಂದ ನಹರ್-ಇ-ಬಿಹಿಶ್ತ್ ಎಂಬ ತೋಡಿನಲ್ಲಿ ದಕ್ಷಿಣಕ್ಕೆ ಓಟ. ಹಮಾಮು ಅಂದರೆ ಸ್ನಾನಗೃಹ, ಆಪ್ತರ ದರ್ಬಾರಿನ ದಿವಾನ್-ಇ-ಖಾಸ್, ಖಾಸ್ ಮಹಲ್, ರಂಗ್ ಮಹಲ್, ಎಲ್ಲದರ ನೆಲದ ಮಧ್ಯದಲ್ಲೇ ಹರಿಯುತ್ತಿತ್ತು. ಇಷ್ಟೂ ಕಟ್ಟಡಗಳ ನೆಲಮಟ್ಟ ಒಂದಕ್ಕೊಂದು ಹೊಂದಬೇಕು. ಇಳಿಜಾರು ಸ್ವಲ್ಪ ಜಾಸ್ತಿಯಾದರೆ ನೀರು ನುಗ್ಗುತ್ತದೆ, ಕಡಿಮೆಯಾದರೆ ನಿಲ್ಲುತ್ತದೆ. ಖಾಸ್ ಮಹಲಿನಲ್ಲಿ ತೋಡಿನ ಮೇಲೆ ಕೊರೆದ ಅಮೃತಶಿಲೆಯ ಜಾಲಿ ಇದೆ, ಅದರ ಮೇಲ್ಭಾಗದಲ್ಲಿ ನ್ಯಾಯದ ತಕ್ಕಡಿಯ ಕೆತ್ತನೆ. ರಂಗ್ ಮಹಲಿನಲ್ಲಿ ಇದೇ ನೀರಿಗೆ ಕಮಲದ ಆಕಾರದ ಕೊಳ. ಹಯಾತ್ ಬಕ್ಷ್ ತೋಟದ ಸಾವನ್, ಭಾದೋಂ ಮಂಟಪಗಳಲ್ಲಿ ನೀರಿನ ಪರದೆ ಬೀಳುತ್ತಿತ್ತು. ಅದರ ಹಿಂದಿನ ಚಿಕ್ಕ ಗೂಡುಗಳಲ್ಲಿ ಹಗಲು ಹೂವು, ರಾತ್ರಿ ದೀಪ. ದೆಹಲಿಯ ಮೇ ತಿಂಗಳ ಬಿಸಿಲು ಗೊತ್ತಿದ್ದವರಿಗೆ ಇದು ಬರೀ ಶೋಕಿ ಅನ್ನಿಸುವುದಿಲ್ಲ.

ಲೂಟಿಯ ಕತೆ ಎಲ್ಲರಿಗೂ ಗೊತ್ತಿರುವುದೇ. 1739ರಲ್ಲಿ ನಾದಿರ್ ಶಾ ಮಯೂರ ಸಿಂಹಾಸನ ಹೊತ್ತೊಯ್ದ. 1760ರಲ್ಲಿ ಮರಾಠರು ದಿವಾನ್-ಇ-ಖಾಸ್‌ನ ಬೆಳ್ಳಿ ಚಾವಣಿ ಕಿತ್ತು ಕರಗಿಸಿದರು. ಇವೆಲ್ಲ ಒಡವೆ ಕಳೆದಂತೆ. ಕಟ್ಟಡ ಉಳಿದಿತ್ತು, ಜನ ವಾಸ ಮಾಡುತ್ತಿದ್ದರು. 1842ರಲ್ಲಿ ಕೂಡ ಕೊನೆಯ ಮೊಘಲ್ ಬಾದಶಹ ಬಹಾದ್ದೂರ್ ಶಾ ಜಾಫರ್ ಹಯಾತ್ ಬಕ್ಷ್ ತೋಟದ ಕೊಳದ ಮಧ್ಯೆ ಹೊಸ ಮಹಲು ಕಟ್ಟಿಸಿದ.

ನಿಜವಾದ ಏಟು ಬಿದ್ದದ್ದು 1857ರ ದಂಗೆಯ ನಂತರ. 1858ರಲ್ಲಿ ಬ್ರಿಟಿಷರು ಜಾಫರನ ವಿಚಾರಣೆಯನ್ನು ಅವನದೇ ದಿವಾನ್-ಇ-ಖಾಸ್‌ನಲ್ಲಿ ನಡೆಸಿ ರಂಗೂನಿಗೆ ಕಳಿಸಿದರು. ಅರಮನೆ ಸೇನೆಯ ಠಾಣ್ಯವಾಯಿತು. ಕಮಾನುಸಾಲುಗಳು, ಜನಾನಾದ ಅಂದರೆ ರಾಣಿವಾಸದ ಅಂಗಳಗಳು, ಮೆಹ್ತಾಬ್ ಬಾಗ್ ಎಂಬ ತೋಟ ಎಲ್ಲ ನೆಲಸಮ. ಆ ಜಾಗದಲ್ಲಿ ಬ್ಯಾರಕ್‌ಗಳು ಎದ್ದವು. ರಾಣಿವಾಸದ ಕಟ್ಟಡವಾಗಿದ್ದ ಮುಮ್ತಾಜ್ ಮಹಲ್ ಸೈನಿಕರ ಜೈಲಾಯಿತು. ಮಿಕ್ಕ ಖಾಲಿ ಜಾಗ ಸಮತಟ್ಟಾಗಿ ಹುಲ್ಲುಹಾಸಾಯಿತು. ಸ್ವಾತಂತ್ರ್ಯ ಬಂದ ಮೇಲೂ ಸೇನೆ ಅಲ್ಲೇ ಇತ್ತು, ಪೂರ್ತಿ ಖಾಲಿ ಮಾಡಿದ್ದು 2003ರಲ್ಲಿ. ಯುನೆಸ್ಕೊ ಪಟ್ಟಿಗೆ ಸೇರಿದ್ದು 2007ರಲ್ಲಿ. ಪೂರ್ವ ಗೋಡೆಗೆ ತಾಗಿ ಹರಿಯುತ್ತಿದ್ದ ಯಮುನೆ ಅಷ್ಟರೊಳಗೆ ದೂರ ಸರಿದು, ಆ ಜಾಗದಲ್ಲಿ ರಿಂಗ್ ರೋಡ್ ಬಂದಿತ್ತು.

ಬ್ಯಾರಕ್ ಕೆಡವಿ ಅರಮನೆ ಮತ್ತೆ ಕಟ್ಟಿ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ಬ್ಯಾರಕ್‌ಗಳಿಗೂ ಈಗ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು. 1945ರಲ್ಲಿ ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ನಡೆದದ್ದೂ ಇದೇ ಕೋಟೆಯಲ್ಲಿ. ಊಹೆಯ ಮೇಲೆ ಕಟ್ಟಿದ ಕಮಾನು ಮೊಘಲರದ್ದು ಆಗುವುದೂ ಇಲ್ಲ. ಅದರ ಬದಲು ನೆಲದಲ್ಲಿ ಕಲ್ಲಿನ ಪಟ್ಟಿ ಹಾಕಿ, ಗೋಡೆ ಎಲ್ಲಿತ್ತು, ಅಂಗಳ ಎಲ್ಲಿ ಮುಗಿಯುತ್ತಿತ್ತು ಅಂತ ತೋರಿಸಿದರೆ ಸಾಕು. ಹಳೇ ನಕ್ಷೆಗಳಿವೆ, ಖರ್ಚೂ ಕಡಿಮೆ. ಅಲ್ಲಿಯವರೆಗೆ ನೋಡಲು ಹೋಗುವವರು ನಕ್ಕರಖಾನೆಯನ್ನು ಬಳಸಿಕೊಂಡು ಹೋಗಬೇಡಿ, ಅದರ ಒಳಗಿನಿಂದಲೇ ದಾಟಿ.