ಮಂಕಾದ ಬಟ್ಟೆ ಟಾಪ್‌ಗೆ ಬಣ್ಣ ಹಚ್ಚಬೇಕಾ, ಹೊಸದೇ ಹಾಕಿಸಬೇಕಾ?

ಪ್ರಶ್ನೆ: ನನ್ನ ಕನ್ವರ್ಟಿಬಲ್ ಕಾರಿನ ಕಪ್ಪು ಬಟ್ಟೆ ಟಾಪ್, ಅಂದರೆ ಮಡಚಿ ತೆರೆಯುವ ಚಾವಣಿ, ಬೂದು ಬಣ್ಣಕ್ಕೆ ತಿರುಗಿದೆ. ಹೊಲಿಗೆಯ ಸಾಲಿನಲ್ಲಿ ಹಸಿರು ಪಾಚಿ ಕಟ್ಟಿದೆ. ಮಳೆ ಬಂದರೆ ಬಟ್ಟೆ ನೀರು ಕುಡಿಯುತ್ತದೆ, ಒಣಗೋಕೆ ತುಂಬಾ ಹೊತ್ತು ಬೇಕು. ಬಣ್ಣ ಹಚ್ಚಿದರೆ ಸರಿಹೋಗುತ್ತಾ, ಇಲ್ಲಾ ಹೊಸ ಟಾಪ್ ಹಾಕಿಸಬೇಕಾ?

ಸದ್ಯಕ್ಕೆ ಎರಡೂ ಬೇಡ. ಮೊದಲು ಚೆನ್ನಾಗಿ ತೊಳೆಯಿರಿ. ಮಂಕಾಗಿದೆ ಅಂತ ಕಾಣುವ ಎಷ್ಟೋ ಟಾಪ್‌ಗಳ ಬಣ್ಣ ಹೋಗಿರುವುದೇ ಇಲ್ಲ, ಅದರ ಮೇಲೆ ಧೂಳು ಮತ್ತು ಪಾಚಿ ಕೂತಿರುತ್ತದೆ ಅಷ್ಟೇ.

ಯಾಕೆ ಅಂತ ತಿಳಿಯಲು ಬಟ್ಟೆ ಹೇಗಿದೆ ಅಂತ ನೋಡಬೇಕು. ಈಗಿನ ಒಳ್ಳೆಯ ಬಟ್ಟೆ ಟಾಪ್‌ಗಳಲ್ಲಿ ಸಾಮಾನ್ಯವಾಗಿ ಮೂರು ಪದರ ಇರುತ್ತವೆ. ಹೊರಗೆ ಅಕ್ರಿಲಿಕ್ ನೇಯ್ಗೆ, ನಡುವೆ ತೆಳುವಾದ ರಬ್ಬರ್, ಒಳಗೆ ಹತ್ತಿ ಅಥವಾ ಪಾಲಿಯೆಸ್ಟರ್ ಬಟ್ಟೆ. ಮಳೆ ನೀರು ಒಳಗೆ ಬಾರದಂತೆ ತಡೆಯುವುದು ನಡುವಿನ ರಬ್ಬರ್. ಹೊರಗಿನ ಅಕ್ರಿಲಿಕ್ ಎಳೆಗೆ ನೂಲು ತೆಗೆಯುವಾಗಲೇ ಬಣ್ಣ ಸೇರಿಸಿರುತ್ತಾರೆ, ಹಾಗಾಗಿ ಅದು ಸುಲಭಕ್ಕೆ ಮಾಸುವುದಿಲ್ಲ. ಆದರೆ ಹೊಸದರಲ್ಲಿ ನೀರು ನಿಲ್ಲದ ಹಾಗೆ ಮಾಡಿದ್ದ ಲೇಪ ಬಿಸಿಲು, ಮಳೆಗೆ ಸವೆಯುತ್ತದೆ. ಆಮೇಲೆ ಹೊರ ಪದರ ನೆಂದ ಕಂಬಳಿಯ ಹಾಗೆ ನೀರು ಹಿಡಿದುಕೊಂಡು ಕೂರುತ್ತದೆ. ಕಾರಿನ ಒಳಗೆ ಒಂದು ಹನಿಯೂ ಬೀಳದಿರಬಹುದು. ಆದರೂ ಮೇಲೆ ತೇವ ಆರುವುದಿಲ್ಲ, ಪಾಚಿ ಬೆಳೆಯುವುದು ಅಲ್ಲೇ.

ತೊಳೆಯುವ ಕೆಲಸಕ್ಕೆ ತಾಳ್ಮೆ ಬೇಕು. ಮೋಡ ಇರುವ ದಿನ ಅಥವಾ ನೆರಳಿನಲ್ಲಿ ಕಾರು ನಿಲ್ಲಿಸಿ, ಟಾಪ್ ಪೂರ್ತಿ ಮುಚ್ಚಿರಲಿ. ನೀರು ಮುಟ್ಟಿಸುವ ಮೊದಲು ಒಣ ಬ್ರಷ್ ಅಥವಾ ವ್ಯಾಕ್ಯೂಮ್‌ನಿಂದ ಧೂಳು ತೆಗೆಯಿರಿ. ಇದನ್ನು ಬಿಟ್ಟರೆ ಧೂಳು ಕೆಸರಾಗಿ ನೇಯ್ಗೆಯ ಒಳಗೆ ಇಳಿಯುತ್ತದೆ. ಹಕ್ಕಿಯ ಹಿಕ್ಕೆ ಇದ್ದರೆ ಹಸಿಯಾಗಿ ಉಜ್ಜಬೇಡಿ, ಒಣಗಿದ ಮೇಲೆ ಮೆಲ್ಲಗೆ ಉದುರಿಸಿ.

ಆಮೇಲೆ ಪೈಪಿನಿಂದ ಹದವಾಗಿ ನೀರು ಹಾಯಿಸಿ. ಬಟ್ಟೆ ಟಾಪ್‌ಗೆಂದೇ ಸಿಗುವ ಕ್ಲೀನರ್ ಹಾಕಿ, ಮೃದುವಾದ ಬ್ರಷ್‌ನಿಂದ ಒಂದೊಂದೇ ಭಾಗ ಉಜ್ಜುತ್ತಾ ಹೋಗಿ. ನೇಯ್ಗೆ ಹೋದ ದಿಕ್ಕಿನಲ್ಲೇ ಕೈ ಆಡಿಸಿ, ಜೋರು ಬೇಡ. ನೊರೆಯ ಬಣ್ಣದ ಮೇಲೆ ಕಣ್ಣಿಡಿ. ಮೊದಲ ಸಲ ಕಂದು ಹಸಿರಾಗಿ ಬರುತ್ತದೆ, ಆಮೇಲಾಮೇಲೆ ತಿಳಿಯಾಗುತ್ತದೆ. ನೊರೆ ಬೆಳ್ಳಗೆ ಬರುವವರೆಗೂ ಕೆಲಸ ಮುಗಿದಿಲ್ಲ. ಹೊಲಿಗೆಯ ಸಂದಿನ ಪಾಚಿಗೆ ಮೆದು ಹಲ್ಲುಜ್ಜುವ ಬ್ರಷ್ ಸಾಕು. ಪಾಚಿ ತುಂಬಾ ಹಳೆಯದಾದರೆ ಪಾಚಿ ತೆಗೆಯುವ ಕ್ಲೀನರ್ ಹಾಕಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ.

ಕೊನೆಗೆ ಧಾರಾಳವಾಗಿ ನೀರು ಹಾಯಿಸಿ. ಇಲ್ಲಿ ಜಿಪುಣತನ ಮಾಡಬಾರದು. ಸೋಪಿನ ಅಂಶ ಬಟ್ಟೆಯಲ್ಲಿ ಉಳಿದರೆ ಅದು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಮೇಲೆ ಎಂಥಾ ಲೇಪ ಹಾಕಿದರೂ ಕೂರುವುದಿಲ್ಲ. ಪಾತ್ರೆ ತೊಳೆಯುವ ಸೋಪು ಬೇಡ ಅನ್ನುವುದು ಇದಕ್ಕೇ. ಬ್ಲೀಚ್ ಅಂತೂ ಬೇಡವೇ ಬೇಡ, ಅದು ಹೊಲಿಗೆಯ ದಾರವನ್ನು ದುರ್ಬಲ ಮಾಡುತ್ತದೆ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಎಳೆ ಎದ್ದು ಬರುತ್ತದೆ, ನೀರು ಹೊಲಿಗೆಯೊಳಗೆ ನುಗ್ಗುತ್ತದೆ. ಬೇಗ ಮುಗಿಯುತ್ತೆ ಅಂತ ಸುಮ್ನೆ ಅದನ್ನು ತಿರುಗಿಸಬೇಡಿ.

ಈಗ ಒಣಗಬೇಕು. ಪೂರ್ತಿ ಒಂದು ದಿನ ಕೊಡಿ, ಹವೆ ತಂಪಾಗಿದ್ದರೆ ಇನ್ನೂ ಜಾಸ್ತಿ. ಮೇಲೆ ಒಣಗಿದ ಹಾಗೆ ಕಂಡರೂ ಹೊಲಿಗೆಯಲ್ಲಿ ತೇವ ಉಳಿದಿರುತ್ತದೆ, ಬೆರಳಿನಿಂದ ಒತ್ತಿ ನೋಡಿ. ಒದ್ದೆ ಟಾಪ್ ಮಡಚಿಡಬೇಡಿ. ಮಡಿಕೆಯಲ್ಲಿ ಬೂಷ್ಟು ಹಿಡಿದು, ಕಾರಿನ ಒಳಗೆಲ್ಲಾ ಮುಗ್ಗಲು ವಾಸನೆ ಬರುತ್ತದೆ.

ಒಣಗಿದ ಮೇಲೆ ನೋಡಿದರೆ, ಬಣ್ಣ ಬೇಕಾ ಅನ್ನುವ ಪ್ರಶ್ನೆ ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಆದರೂ ಬಿಸಿಲಿಗೆ ನಿಜವಾಗಿಯೇ ಕಳೆಗುಂದಿದ್ದರೆ ಬಟ್ಟೆ ಟಾಪ್‌ಗೆಂದೇ ಇರುವ ಬಣ್ಣ ಸಿಗುತ್ತದೆ. ಮೊದಲಿನ ಬಣ್ಣವನ್ನೇ ಆರಿಸಿ, ಕಾಣದ ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಸುತ್ತಲಿನ ಪೇಂಟ್, ಗಾಜಿಗೆ ಟೇಪ್ ಮತ್ತು ಪ್ಲಾಸ್ಟಿಕ್ ಹಾಳೆ ಕಟ್ಟಿ. ಕೊಳೆಯ ಮೇಲೆ ಬಣ್ಣ ಹಚ್ಚಿದರೆ ಕಲೆ ಕಲೆಯಾಗಿ ನಿಲ್ಲುತ್ತದೆ, ಆಮೇಲೆ ತೆಗೆಯೋಕೂ ಆಗಲ್ಲ.

ಬಣ್ಣ ಹಚ್ಚಿ, ಬಿಡಿ, ನೀರು ತಡೆಯುವ ಲೇಪ ಮಾತ್ರ ತಪ್ಪಿಸಬೇಡಿ. ಇಡೀ ಕೆಲಸದಲ್ಲಿ ಟಾಪಿನ ಆಯಸ್ಸು ಹೆಚ್ಚಿಸುವುದು ಅದೇ. ಬಟ್ಟೆಗೆಂದೇ ಇರುವ ಲೇಪ ತೆಗೆದುಕೊಳ್ಳಿ, ಪ್ಲಾಸ್ಟಿಕ್ ಹಾಳೆಯಂತಿರುವ ವಿನೈಲ್ ಟಾಪಿನದು ಇದಕ್ಕೆ ಆಗುವುದಿಲ್ಲ. ಒಂದೇ ಸಲ ದಪ್ಪವಾಗಿ ಬಳಿಯುವ ಬದಲು ತೆಳುವಾಗಿ ಎರಡು ಸಲ ಹಾಕಿ. ಹೊಲಿಗೆಯ ಸಾಲಿಗೆ ಸ್ವಲ್ಪ ಹೆಚ್ಚು ಗಮನ ಕೊಡಿ. ಹಿಂಬದಿಯ ಕಿಟಕಿ ಪ್ಲಾಸ್ಟಿಕ್‌ನದಾದರೆ ಅದನ್ನು ಮುಚ್ಚಿಡಿ, ಲೇಪ ತಾಗಿದರೆ ಮಸುಕಾಗಬಹುದು. ಲೇಪ ಪೂರ್ತಿ ಆರಿದ ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಹನಿಗಳು ಗುಂಡಗೆ ನಿಂತು ಜಾರಿಹೋದರೆ ಲೇಪ ಹಿಡಿದಿದೆ. ನೀರು ಚಪ್ಪಟೆಯಾಗಿ ಹರಡಿ ಬಟ್ಟೆ ಕಪ್ಪಾದರೆ ಇನ್ನೊಮ್ಮೆ ಹಾಕಬೇಕು. ಮುಂದೆಯೂ ಆಗಾಗ ಹೀಗೇ ನೋಡುತ್ತಿರಿ, ಲೇಪ ಯಾವಾಗ ಬೇಕು ಅಂತ ಬಟ್ಟೆಯೇ ತೋರಿಸಿಕೊಡುತ್ತದೆ.

ಇನ್ನು ಹೊಸ ಟಾಪ್ ವಿಷಯ. ಹೊಲಿಗೆ ಬಿಟ್ಟಿದ್ದರೆ ಮತ್ತೆ ಹೊಲಿಸಬಹುದು. ಮಡಿಕೆಯ ಜಾಗದಲ್ಲಿ ಟಾಪಿನ ಚೌಕಟ್ಟಿನ ಕಂಬಿ ಉಜ್ಜಿ ಉಜ್ಜಿ ಬಟ್ಟೆ ಸವೆದು ರಬ್ಬರ್ ಕಾಣುತ್ತಿದ್ದರೆ, ಅಥವಾ ಪದರಗಳು ಒಂದರಿಂದೊಂದು ಬಿಟ್ಟಿದ್ದರೆ, ಯಾವ ಕ್ಲೀನರ್‌ನಿಂದಲೂ ಬಣ್ಣದಿಂದಲೂ ಆಗುವುದಿಲ್ಲ, ಬದಲಾಯಿಸಲೇಬೇಕು. ಆದರೆ ಕಾರಿನೊಳಗೆ ನೀರು ಬರುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಟಾಪ್ ಬದಲಿಸಬೇಡಿ. ಕಿಟಕಿಯ ಸುತ್ತ ಇರುವ ರಬ್ಬರ್ ಸೀಲ್‌ಗಳನ್ನೂ, ಟಾಪ್ ಮಡಚುವ ಜಾಗದಲ್ಲಿರುವ ನೀರು ಹೋಗುವ ತೂತುಗಳನ್ನೂ ಮೊದಲು ನೋಡಿ. ಎಷ್ಟೋ ಕಾರುಗಳಲ್ಲಿ ಆ ತೂತುಗಳಿಗೆ ಎಲೆ, ಕಸ ಕಟ್ಟಿಕೊಂಡು ನೀರು ಸೀಟಿನ ಹಿಂದೆ ಇಳಿಯುತ್ತಿರುತ್ತದೆ. ಕಸ ತೆಗೆದು, ಒಂದು ಲೋಟ ನೀರು ಹಾಕಿ, ಕಾರಿನ ಕೆಳಗಿನಿಂದ ಹರಿದು ಬರುತ್ತಿದೆಯಾ ಅಂತ ನೋಡಿ.