ಗುಟ್ಟು ಇರಲಿ, ಆಶಾಗೆ ಮಾತ್ರ ಹೇಳಿಬಿಡಿ

‘ಮೂರು ತಿಂಗಳು ತುಂಬೋತನಕ ಯಾರಿಗೂ ಹೇಳಬ್ಯಾಡವ್ವಾ.’ ದಾವಣಗೆರೆ, ಚಿತ್ರದುರ್ಗದ ಕಡೆ ಹೊಸ ಬಸುರಿಗೆ ಹಿರಿಯರು ಹೇಳುವ ಮಾತಿದು. ನೆಂಟರಿಗೆ ಹೇಳದಿದ್ದರೆ ನಷ್ಟವೇನಿಲ್ಲ. ಆಶಾ ಕಾರ್ಯಕರ್ತೆಗೂ ಹೇಳದೆ ಕೂತರೆ ನಷ್ಟ ದೊಡ್ಡದು. ಮಗುವಿನ ಮಿದುಳು, ಬೆನ್ನುಹುರಿಯಾಗುವ ನಳಿಕೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ, ಅಂದರೆ ಮುಟ್ಟು ತಪ್ಪಿ ಎರಡು ವಾರದೊಳಗೆ. ಆ ನಳಿಕೆ ಸರಿಯಾಗಿ ಮುಚ್ಚಲು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೇಕಾಗಿರುವುದು ಆಗ. ಮಗು ಬೇಕು ಅಂದುಕೊಂಡ ತಿಂಗಳಿಂದಲೇ ನುಂಗುತ್ತಿದ್ದರೆ ಇನ್ನೂ ಒಳ್ಳೆಯದು. ಮೂರ್ಛೆರೋಗದ ಮಾತ್ರೆ ತಗೊಳ್ಳುವವರಿಗೆ, ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷ ಇದ್ದವರಿಗೆ ಇಷ್ಟು ಸಾಲದು. ಹೆಚ್ಚಿನ ಪ್ರಮಾಣವನ್ನು ವೈದ್ಯರೇ ಬರೆಯಬೇಕು. ಮೂರ್ಛೆಯ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಮನೆಯಲ್ಲೇ ನೋಡುವ ಕಿಟ್‌ಗೆ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಕಿಟ್ ಮೇಲೆ ಬರೆದಷ್ಟು ಹನಿ ಹಾಕಿ, ಐದು ನಿಮಿಷ ಕಾಯಿರಿ. ‘ಸಿ’ ಹತ್ತಿರ ಗೆರೆ ಮೂಡದಿದ್ದರೆ ಕಿಟ್ಟೇ ಕೆಟ್ಟಿದೆ, ಇನ್ನೊಂದು ತನ್ನಿ. ‘ಟಿ’ ಗೆರೆ ಮಸುಕಾಗಿದ್ದರೂ ಅದು ಗೆರೆಯೇ. ಆದರೆ ಪಕ್ಕಕ್ಕಿಟ್ಟು ಮರೆತು, ಅರ್ಧ ಗಂಟೆ ಬಿಟ್ಟು ಕಂಡ ಗೆರೆಯನ್ನು ನಂಬಬೇಡಿ. ಗೆರೆ ಬರಲಿಲ್ಲ, ಮುಟ್ಟೂ ಆಗಲಿಲ್ಲ ಅಂದರೆ ಮೂರು ದಿನ ಬಿಟ್ಟು ಮತ್ತೆ ನೋಡಿ.

ಇನ್ನು ವಾರಗಳ ಲೆಕ್ಕ. ಗಂಡ ಬೆಂಗಳೂರಿನಿಂದ ಬಂದು ಮೂರೇ ವಾರ, ಚೀಟಿಯಲ್ಲಿ ‘ಐದು ವಾರ’ ಅಂತ ಬರೆದಿದೆ; ಇಷ್ಟಕ್ಕೇ ಮನೆಯಲ್ಲಿ ಜಗಳ ಹತ್ತಬಹುದು. ಬಸಿರಿನ ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟುವುದು ಅಲ್ಲಿಂದ ಸುಮಾರು ಎರಡು ವಾರಕ್ಕೆ. ಆ ಎರಡು ವಾರವೂ ಲೆಕ್ಕಕ್ಕೆ ಸೇರಿಕೊಂಡಿರುತ್ತದೆ, ಅಷ್ಟೇ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೊಂದು ಸುತ್ತು ಹಾಕಿಟ್ಟವರಿಗೆ ಈ ತಲೆನೋವಿಲ್ಲ.

ಅವಸರದ ಸ್ಕ್ಯಾನ್ ಅನಗತ್ಯ ಕಣ್ಣೀರು ತರಿಸುತ್ತದೆ. ಐದನೇ ವಾರದಲ್ಲಿ ಬರೀ ಚೀಲ ಕಾಣಬಹುದು. ಬಡಿತ ಕಾಣುವುದು ಸಾಮಾನ್ಯವಾಗಿ ಆರನೇ ವಾರದ ಮೇಲೆ. ಮುಟ್ಟು ಏರುಪೇರಾಗುವವರಿಗೆ ಇನ್ನೂ ತಡ. ಒಳಗಿಂದ ಮಾಡುವ ಸ್ಕ್ಯಾನಿನಲ್ಲಿ ಭ್ರೂಣ 7 ಮಿಲಿಮೀಟರ್ ಮುಟ್ಟಿಯೂ ಬಡಿತವಿಲ್ಲ, ಅಥವಾ ಚೀಲ 25 ಮಿಲಿಮೀಟರ್ ಆಗಿಯೂ ಭ್ರೂಣವೇ ಇಲ್ಲ ಅಂದಾಗ ಮಾತ್ರ ಗರ್ಭ ಉಳಿದಿಲ್ಲ ಅನ್ನಬಹುದು. ಅದಕ್ಕಿಂತ ಚಿಕ್ಕದಿದ್ದಾಗ ‘ಬಡಿತ ಇಲ್ಲ, ತೆಗೆಸಿಬಿಡಿ’ ಅಂದರೆ ಒಪ್ಪಬೇಡಿ. ರಕ್ತಸ್ರಾವ, ನೋವು ಇಲ್ಲದಿದ್ದರೆ ಹತ್ತು–ಹದಿನಾಲ್ಕು ದಿನ ಬಿಟ್ಟು ಮತ್ತೆ ನೋಡಿಸಬಹುದು.

ವಾಂತಿ ಆರನೇ ವಾರದ ಹೊತ್ತಿಗೆ ಶುರುವಾಗಿ, ಒಂಬತ್ತನೇ ವಾರದ ಸುಮಾರಿಗೆ ಜೋರಾಗಿ, ಹೆಚ್ಚಿನವರಿಗೆ ಹದಿನಾಲ್ಕರ ಹೊತ್ತಿಗೆ ಇಳಿಯುತ್ತದೆ. ಖಾಲಿ ಹೊಟ್ಟೆ ಅದನ್ನು ಕೆರಳಿಸುತ್ತದೆ. ಬಿಸ್ಕತ್ತಿಗಿಂತ ನಮ್ಮ ಮಂಡಕ್ಕಿಯೇ ವಾಸಿ: ರಾತ್ರಿ ತಲೆದೆಸೆಗೆ ಒಂದು ಡಬ್ಬಿ ಇಟ್ಟುಕೊಂಡು, ಬೆಳಗ್ಗೆ ಏಳುವ ಮುಂಚೆ ಮಲಗಿದಲ್ಲೇ ಒಂದು ಹಿಡಿ ನಿಧಾನಕ್ಕೆ ಅಗಿದು, ಕಾಲು ಗಂಟೆ ಬಿಟ್ಟು ಏಳಿ. ಒಗ್ಗರಣೆ ಬೇಡ, ಮಿರ್ಚಿಯಂತೂ ಈಗ ಬೇಡವೇ ಬೇಡ. ಆಮೇಲೆ ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ: ರಾಗಿ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಮೆತ್ತಗಿನ ಅನ್ನ. ನೀರನ್ನು ಊಟದ ಜೊತೆ ಗಟಗಟ ಕುಡಿಯದೆ ನಡುನಡುವೆ ಗುಟುಕರಿಸಿ. ಹಿಮೋಗ್ಲೋಬಿನ್ ತೀರಾ ಕಡಿಮೆ ಇಲ್ಲದಿದ್ದರೆ ಕಬ್ಬಿಣದ ಮಾತ್ರೆ ಮೂರು ತಿಂಗಳ ನಂತರವೇ. ಈಗ ನುಂಗಿದರೆ ವಾಕರಿಕೆ ಹೆಚ್ಚಬಹುದು. ಇಡೀ ದಿನ ನೀರೂ ನಿಲ್ಲುತ್ತಿಲ್ಲ, ಮೂತ್ರ ಗಾಢ ಹಳದಿಯಾಗಿದೆ ಅಂದರೆ ಡ್ರಿಪ್ ಬೇಕು, ಮನೆಮದ್ದಿನ ಹೊತ್ತು ಮುಗಿಯಿತು. ಹಣ್ಣಾದ ಪಪ್ಪಾಯದ ಭಯ ಬಿಡಿ, ಕಾಯಿ ಮಾತ್ರ ಬೇಡ.

ಆಶಾಗೆ ಹೇಳಿದರೆ ತಾಯಿ ಕಾರ್ಡ್ ಆಗುತ್ತದೆ, ರಕ್ತ ಪರೀಕ್ಷೆಯೂ ಆಗುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ರಕ್ತದ ಗುಂಪು ನೆಗೆಟಿವ್ ಬಂದರೆ ಗಂಡನದ್ದನ್ನೂ ನೋಡಿಸಿ, ಮುಂದೆ ಯಾವಾಗ ರಕ್ತ ಕಂಡರೂ ಮೊದಲು ಆ ವಿಷಯ ಹೇಳಿ.

ಕಂದು ಬಣ್ಣದ ಒಂದೆರಡು ಚುಕ್ಕೆ ಬಹಳ ಮಂದಿಗೆ ಕಾಣುತ್ತದೆ, ತೋರಿಸಿ, ಹೆದರಬೇಡಿ. ಗಂಟೆಗೊಂದು ಪ್ಯಾಡ್ ನೆನೆಯುವುದು, ಕಿಬ್ಬೊಟ್ಟೆಯ ಒಂದೇ ಬದಿಗೆ ಚುಚ್ಚುವ ನೋವು, ಜೊತೆಗೆ ಭುಜದ ತುದಿ ನೋವು, ಕಣ್ಣು ಕತ್ತಲೆ: ಇವು ಬೇರೆ ಮಾತು. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿ, ನಾಳ ಒಡೆದಿದ್ದರೆ ರಕ್ತ ಹೊಟ್ಟೆಯೊಳಗೇ ಹೋಗುತ್ತದೆ, ಹೊರಗೆ ಚೂರೇ ಕಾಣಬಹುದು. ಜಗಳೂರಿನಲ್ಲಿರಲಿ, ಮೊಳಕಾಲ್ಮೂರಿನಲ್ಲಿರಲಿ, ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ, ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೇ ಹೋಗಿ.