ನೂರ ಅರವತ್ತಮೂರು ರೂಪಾಯಿ ಎಂಬತ್ತನಾಲ್ಕು ಪೈಸೆ

ಮಾರ್ಚ್ ಕೊನೆಯ ವಾರ, ದಾವಣಗೆರೆಯಲ್ಲಿ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಪತ್ತಿನ ಸಹಕಾರ ಸಂಘವೊಂದರ ಗುಮಾಸ್ತರು ಕಂಪ್ಯೂಟರ್ ದುರಸ್ತಿ ಮಾಡುವ ನನಗೆ ಫೋನ್ ಮಾಡಿದರು. "ಸಾರ್, ಲೆಕ್ಕ ತಾಳೆಯಾಗುತ್ತಿಲ್ಲ. ಮೂರು ಸಲ ಕೈಯಲ್ಲೇ ಕೂಡಿದೆ. ನೂರ ಅರವತ್ತಮೂರು ರೂಪಾಯಿ ಎಂಬತ್ತನಾಲ್ಕು ಪೈಸೆ ಕಡಿಮೆ ಬರುತ್ತಿದೆ." ಒಬ್ಬ ಸದಸ್ಯರ ಪಾಸ್‌ಬುಕ್‌ನಲ್ಲಿ ಒಂದು ಮೊತ್ತವಿತ್ತು, ಕಂಪ್ಯೂಟರಿನಲ್ಲಿ ಇನ್ನೊಂದು. ಯಾರೋ ಹಣ ಮುಟ್ಟಿದ್ದಾರೆ ಎಂಬ ಪಿಸುಮಾತು ಸಂಘದಲ್ಲಿ ಹುಟ್ಟಿಕೊಂಡಿತ್ತು.

ಆ ಮೊತ್ತವನ್ನು ಪೈಸೆಗೆ ತಿರುಗಿಸಿ ಬರೆದುಕೊಂಡೆ: 16,384. ಹದಿನಾಲ್ಕು ಎರಡುಗಳನ್ನು ಒಂದರಿಂದೊಂದು ಗುಣಿಸಿದರೆ ಬರುವುದು ಸರಿಯಾಗಿ ಇದೇ ಸಂಖ್ಯೆ. ಮನುಷ್ಯರ ಕೈತಪ್ಪು ಇಂಥ ಸಂಖ್ಯೆಯ ಮೇಲೆ ಬಂದು ನಿಲ್ಲುವುದು ತೀರಾ ಅಪರೂಪ. ಕಂಪ್ಯೂಟರಿನ ಮೆಮೊರಿಯಲ್ಲಿ ಒಂದೇ ಒಂದು ಬಿಟ್, ಅಂದರೆ 0 ಅಥವಾ 1 ಹಿಡಿದಿಡುವ ಅತಿ ಸಣ್ಣ ಘಟಕ, 1 ಇದ್ದದ್ದು 0 ಆದರೆ ಸರಿಯಾಗಿ ಹೀಗಾಗುತ್ತದೆ. ಗುಮಾಸ್ತರಿಗೆ ಮೊದಲು ಹೇಳಿದ್ದು ಅದನ್ನೇ: ನೀವು ತಪ್ಪು ಮಾಡಿಲ್ಲ.

2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ ಇಂಥದ್ದೇ ಒಂದು ಲೆಕ್ಕ ಸಿಕ್ಕಿಬಿದ್ದಿತ್ತು. ವಿದ್ಯುನ್ಮಾನ ಮತದಾನದಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚು ಬಂದಿತ್ತು. ಅದು ಹನ್ನೆರಡು ಎರಡುಗಳ ಗುಣಲಬ್ಧ. ಸಾಧ್ಯವಿರುವುದಕ್ಕಿಂತ ಹೆಚ್ಚು ಮತ ಬಂದದ್ದರಿಂದ ಅದು ಕಣ್ಣಿಗೆ ಬಿತ್ತು. ಸಾಫ್ಟ್‌ವೇರ್‌ನಲ್ಲಿ ದೋಷ ಸಿಗದೆ, ಬಿಟ್ ಒಂದು ಹೊರಳಿರಬೇಕು ಎಂಬ ಅನುಮಾನದಲ್ಲೇ ತನಿಖೆ ನಿಂತಿತು.

ರ‍್ಯಾಮ್‌ನ ಒಂದೊಂದು ಬಿಟ್ಟೂ ಸೂಕ್ಷ್ಮ ಕೆಪಾಸಿಟರಿನಲ್ಲಿ ಹಿಡಿದಿಟ್ಟ ವಿದ್ಯುತ್ ಹನಿ. ಅದು ಸೋರುತ್ತಲೇ ಇರುತ್ತದೆ. ಆದ್ದರಿಂದ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಚಿಪ್ಪಿನ ಬಿಸಿ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋರಿಕೆ ಹೆಚ್ಚುವುದರಿಂದ ಇಮ್ಮಡಿ ಬೇಗ ತುಂಬಬೇಕಾಗುತ್ತದೆ. ಸಂಘದ ಯಂತ್ರ ಇದ್ದದ್ದು ಶೀಟಿನ ಮಾಡಿನ ಕೋಣೆಯಲ್ಲಿ, ಫ್ಯಾನಿನ ತುಂಬ ಮೆಕ್ಕೆಜೋಳದ ಧೂಳು. ರಾತ್ರಿಯೆಲ್ಲ ಮೆಮೊರಿ ಪರೀಕ್ಷೆ ನಡೆಸಿದೆ, ಒಂದು ತಪ್ಪೂ ಇಲ್ಲ. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ನಡೆಸಿದಾಗ ಒಂದೇ ವಿಳಾಸದಲ್ಲಿ ಪದೇ ಪದೇ 1 ಬರೆದದ್ದು 0 ಆಗಿ ಓದಿಬಂತು. ಆ ಒಂದು ಕೋಶ ದುರ್ಬಲವಾಗಿತ್ತು.

ಕೋಶ ಕೆಡುವುದನ್ನು ಯಾರೂ ಪೂರ್ತಿ ತಡೆಯಲಾರರು. 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ಎಂಜಿನಿಯರುಗಳು ಚಿಪ್ಪಿನ ಹೊದಿಕೆಯಲ್ಲಿದ್ದ ಅತ್ಯಲ್ಪ ವಿಕಿರಣವಸ್ತುವಿನ ಆಲ್ಫಾ ಕಣಗಳೇ ಬಿಟ್‌ಗಳನ್ನು ಹೊರಳಿಸುತ್ತಿವೆ ಎಂದು ಕಂಡುಹಿಡಿದರು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಕಾಟ ಬೇರೆ. ಆದರೆ ನನ್ನ ಮೇಜಿಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವು ಆಕಾಶದ ಪೆಟ್ಟಿನವಲ್ಲ, ಸವೆದ, ಕಾದ, ಧೂಳು ಹಿಡಿದ ರ‍್ಯಾಮ್‌ನವು.

ತಪ್ಪು ತಾನೇ ಎಲ್ಲಿದೆ ಎಂದು ಹೇಳಿಕೊಳ್ಳುವ ಹಾಗೆ ಮಾಡಬಹುದೇ? ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಅವರಿಗೆ ಈ ಪ್ರಶ್ನೆ ಹುಟ್ಟಿದ್ದು ಸಿಟ್ಟಿನಿಂದ. ವಾರಾಂತ್ಯದಲ್ಲಿ ಅವರು ಬಿಟ್ಟುಹೋದ ಲೆಕ್ಕದಲ್ಲಿ ಯಂತ್ರ ತಪ್ಪನ್ನು ಗುರುತಿಸುತ್ತಿತ್ತು, ಆದರೆ ತಿದ್ದಲಾರದೆ ಆ ಕೆಲಸವನ್ನೇ ಕೈಬಿಡುತ್ತಿತ್ತು. ತಪ್ಪಿದೆ ಎಂದು ಗೊತ್ತಾಗುವುದಾದರೆ ಎಲ್ಲಿದೆ ಎಂದು ಏಕೆ ಗೊತ್ತಾಗಬಾರದು ಎಂದು ಹಟ ಹಿಡಿದು ಕಂಡುಕೊಂಡ ಉತ್ತರವನ್ನು 1950ರಲ್ಲಿ ಪ್ರಕಟಿಸಿದರು.

ಅದನ್ನು ಗುಮಾಸ್ತರಿಗೆ ಅಳಗುಳಿ ಮಣೆಯ ಲೆಕ್ಕದಲ್ಲಿ ತೋರಿಸಿದೆ. ಒಂದು ಸಾಲಿನಲ್ಲಿ ಏಳು ಗುಳಿ. ಒಂದೊಂದರಲ್ಲೂ ಒಂದು ಹುಣಸೆ ಬೀಜ ಇರಬಹುದು, ಇಲ್ಲದಿರಬಹುದು. 3, 5, 6, 7ನೇ ಗುಳಿಗಳಲ್ಲಿ ನಮ್ಮ ಮಾಹಿತಿ. 1, 2, 4 ಕಾವಲು ಗುಳಿಗಳು. ಒಂದನೆಯದು 1, 3, 5, 7ನ್ನು ಕಾಯುತ್ತದೆ, ಎರಡನೆಯದು 2, 3, 6, 7ನ್ನು, ನಾಲ್ಕನೆಯದು 4, 5, 6, 7ನ್ನು. ಪ್ರತಿ ಗುಂಪಿನಲ್ಲೂ ಬೀಜಗಳ ಒಟ್ಟು ಸಂಖ್ಯೆ ಸಮ ಬರುವಂತೆ ಕಾವಲು ಗುಳಿಗೆ ಬೀಜ ಹಾಕಬೇಕು ಅಥವಾ ಬಿಡಬೇಕು, ಅಷ್ಟೇ ನಿಯಮ. "ಈಗ ನಾನು ಆ ಕಡೆ ತಿರುಗುತ್ತೇನೆ, ಯಾವುದಾದರೂ ಒಂದು ಗುಳಿಯನ್ನು ಬದಲಿಸಿ" ಎಂದೆ. ತಿರುಗಿ ನೋಡಿದರೆ ಒಂದನೆಯ ಗುಂಪು ಬೆಸ, ಎರಡನೆಯದು ಸಮ, ನಾಲ್ಕನೆಯದು ಬೆಸ. ಒಂದು ಮತ್ತು ನಾಲ್ಕು ಕೂಡಿದರೆ ಐದು. "ಐದನೆಯ ಗುಳಿ" ಎಂದೆ. ಅವರು ಮತ್ತೆರಡು ಸಲ ಬದಲಿಸಿ ನೋಡಿದರು, ಆಮೇಲೆ ಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡು "ಈಗ ನೀವು ಬದಲಿಸಿ ಸಾರ್" ಎಂದರು.

ಇದೇ ಉಪಾಯದಲ್ಲಿ 64 ಬಿಟ್‌ಗಳನ್ನು ಕಾಯಲು 7 ಕಾವಲು ಬಿಟ್ ಸಾಕು. ಎಂಟನೆಯದೊಂದನ್ನು ಸೇರಿಸಿದರೆ ಎರಡು ಬಿಟ್ ಒಟ್ಟಿಗೆ ಕೆಟ್ಟಾಗ ತಿದ್ದಲಾಗದಿದ್ದರೂ ಕೆಟ್ಟಿದೆ ಎಂದು ಹೇಳಬಹುದು. ಅದಕ್ಕೇ ಇಸಿಸಿ (ತಪ್ಪು ತಿದ್ದುವ ಕೋಡ್ ಇರುವುದು) ಎಂದು ಮಾರುವ ಡಿಡಿಆರ್4 ಪೀಳಿಗೆಯ ರ‍್ಯಾಮ್‌ನ ಒಂದು ಮೈಯಲ್ಲಿ ಸಾಮಾನ್ಯವಾಗಿ ಎಂಟರ ಬದಲು ಒಂಬತ್ತು ಕರಿ ಚಿಪ್ಪುಗಳಿರುತ್ತವೆ. ಆ ಎಂಟನೆಯ ಬಿಟ್ಟಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ತಿದ್ದಲಾಗದ ತಪ್ಪು ಬಂದಾಗ ಯಂತ್ರ ನಿಂತುಬಿಡಬೇಕು. ನಿಂತ ಯಂತ್ರದಿಂದ ಒಂದು ಗಂಟೆ ಕೆಲಸ ಕೆಡುತ್ತದೆ. ಸುಳ್ಳು ಮೊತ್ತ ಬರೆದಿಟ್ಟು ಸುಮ್ಮನಿರುವ ಯಂತ್ರದಿಂದ ಒಬ್ಬ ಗುಮಾಸ್ತರ ಹೆಸರು ಕೆಡುತ್ತದೆ.

ತಿದ್ದುವುದಕ್ಕಿಂತ ತಪ್ಪನ್ನು ಹರಡದಂತೆ ಕಟ್ಟಿಹಾಕುವುದೇ ವಿನ್ಯಾಸಕಾರರ ದೊಡ್ಡ ಕೆಲಸ. ಇಡೀ ಚಿಪ್ಪೇ ಸತ್ತರೆ ಒಟ್ಟಿಗೆ ಕಾಯುವ 64 ಬಿಟ್‌ಗಳ ಒಂದೇ ಕಂತೆಯಲ್ಲಿ ಹಲವು ಬಿಟ್‌ಗಳು ಒಟ್ಟಿಗೆ ಹೋಗುತ್ತವೆ, ಹ್ಯಾಮಿಂಗ್ ವಿಧಾನ ಅಲ್ಲಿ ಸೋಲುತ್ತದೆ. 1990ರ ದಶಕದಲ್ಲಿ ಐಬಿಎಂ ತಂದ ಚಿಪ್‌ಕಿಲ್ ವಿಧಾನದಲ್ಲಿ ಬಿಟ್‌ಗಳನ್ನು ಬೇರೆ ಬೇರೆ ಚಿಪ್ಪುಗಳಿಗೆ ಹಂಚುವುದರಿಂದ ಒಂದು ಚಿಪ್ ಪೂರ್ತಿ ಸತ್ತರೂ ಮಾಹಿತಿ ಉಳಿಯುತ್ತದೆ. ಯಾರೂ ಓದದ ಮೂಲೆಗಳಲ್ಲಿ ಒಂಟಿ ತಪ್ಪುಗಳು ಕೂತು ಜೋಡಿಯಾಗದಂತೆ, ಮೆಮೊರಿಯನ್ನೆಲ್ಲ ಗಸ್ತು ತಿರುಗಿ ತಿದ್ದಿ ಬರೆಯುವ ಏರ್ಪಾಡೂ ಸರ್ವರ್‌ಗಳಲ್ಲಿದೆ. ಪದೇ ಪದೇ ಕೆಡುವ ಮೆಮೊರಿಯ ತುಂಡನ್ನು ಕಾರ್ಯವ್ಯವಸ್ಥೆ (ಆಪರೇಟಿಂಗ್ ಸಿಸ್ಟಮ್) ಬಳಕೆಯಿಂದಲೇ ತೆಗೆದಿಡುತ್ತದೆ.

ಅಂಗಡಿಯಲ್ಲಿ ಈಗ ಕೇಳಿಬರುವ ಒಂದು ಮಾತಿನ ಬಗ್ಗೆ ಎಚ್ಚರ ಹೇಳಲೇಬೇಕು: "ಡಿಡಿಆರ್5 ಎಂದರೆ ಇಸಿಸಿ ಇದ್ದಂತೆಯೇ." ಅಲ್ಲ. ಈ ಹೊಸ ಪೀಳಿಗೆಯ ಚಿಪ್ಪು ತನ್ನೊಳಗಿನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ನಿಜ, ಆದರೆ ಆ ತಿದ್ದುವಿಕೆ ಚಿಪ್ಪಿನ ಬಾಗಿಲಿಗೇ ಮುಗಿಯುತ್ತದೆ. ಅಲ್ಲಿಂದ ಪ್ರೊಸೆಸರಿನವರೆಗಿನ ದಾರಿಗೆ ಕಾವಲಿಲ್ಲ, ತಿದ್ದಿದ್ದರ ಸುದ್ದಿಯೂ ಸಾಮಾನ್ಯವಾಗಿ ನಮಗೆ ಬರುವುದಿಲ್ಲ. ಹೆಚ್ಚುವರಿ ಚಿಪ್ಪುಗಳಿರುವ ರ‍್ಯಾಮ್ ಬೇಕು, ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಎರಡೂ ಅದಕ್ಕೆ ಒಪ್ಪಬೇಕು. ಇತರರ ದುಡ್ಡಿನ ಲೆಕ್ಕ ಇಡುವ ಯಾವ ಯಂತ್ರಕ್ಕೂ ಇದಕ್ಕಿಂತ ಕಡಿಮೆಯದನ್ನು ನಾನು ಹಾಕಿಕೊಡುವುದಿಲ್ಲ.

ಸಂಘ ಮರು ತಿಂಗಳು ಇಸಿಸಿ ಇರುವ ಸಣ್ಣ ಸರ್ವರ್ ಕೊಂಡಿತು. ತಿದ್ದಿದ ತಪ್ಪುಗಳ ಎಣಿಕೆಯನ್ನು ನೋಡುವುದು ಹೇಗೆಂದು ಗುಮಾಸ್ತರಿಗೆ ಕಲಿಸಿದೆ. ಪ್ರತಿ ಸೋಮವಾರ ಅವರು ಅದನ್ನು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ. ಎರಡು ವರ್ಷ ಸೊನ್ನೆಗಳ ಸಾಲು. ಕಳೆದ ತಿಂಗಳು ಎರಡನೆಯ ಸ್ಲಾಟಿನ ಎದುರು 3, ಮರುವಾರ 41. ಅವರೇ ಫೋನ್ ಮಾಡಿದರು. ಅಂದು ಸಂಜೆ ಕೌಂಟರ್ ಮುಚ್ಚಿದ ಮೇಲೆ ಹೋಗಿ ಆ ರ‍್ಯಾಮ್ ಕಿತ್ತು ಬೇರೆಯದನ್ನು ಕೂರಿಸಿದೆ. ಒಂದು ಪೈಸೆಯೂ ಅತ್ತಿತ್ತ ಆಗಿರಲಿಲ್ಲ.